ನೆಲ ನಡುಗಿದಾಗ ಸೂಜಿ ನೋಡಿದವನು: ಅಲೆಕ್ಸಾಂಡರ್ ಹಂಬೋಲ್ಟ್

ಭೂಮಿ ನಡುಗಿದಾಗ ಮನುಷ್ಯನಾದವನು ಮೊದಲು ಮಾಡುವ ಕೆಲಸ ಬಾಗಿಲ ಕಡೆ ಓಡುವುದು. ದೇವರ ಹೆಸರು ಬಾಯಿಗೆ ಬರುವುದು ಆಮೇಲೆ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾ ಕಂಪಿಸಿದಾಗ ಮುಂಬಯಿ, ಪುಣೆಯ ಜನ ಮಾಡಿದ್ದೂ ಇದನ್ನೇ. 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿಯ ಜನಕ್ಕೆ ಓಡಲಿಕ್ಕೂ ಪುರಸೊತ್ತಾಗಲಿಲ್ಲ. ಕಲ್ಲುಮಣ್ಣಿನ ಗೋಡೆಗಳು ಮಲಗಿದ್ದವರ ಮೇಲೆಯೇ ಬಿದ್ದವು. ನೆಲವೇ ನಂಬಿಕೆಗೆ ಅರ್ಹವಲ್ಲ ಎಂದಾದರೆ ಇನ್ನು ಯಾವುದನ್ನು ನಂಬೋದು?

ಇಂಥ ಹೊತ್ತಿನಲ್ಲಿ ಓಡಿ ಸುಮ್ಮನಾಗದೆ, ನೆಲದೊಳಗಿನ ಕಾಂತಶಕ್ತಿ ಏನಾಯಿತು ಎಂದು ಸೂಜಿಯ ಮುಂದೆ ಕೂತು ಲೆಕ್ಕ ಹಾಕಿದ ಮಹಾಶಯನೊಬ್ಬನಿದ್ದ. ಹೆಸರು ಅಲೆಕ್ಸಾಂಡರ್ ಫಾನ್ ಹಂಬೋಲ್ಟ್. ಭೂಗೋಳದ ಪುಸ್ತಕದಲ್ಲಿ ಪೆರು ದೇಶದ ಕಡಲಿನ ತಣ್ಣನೆಯ ಪ್ರವಾಹಕ್ಕೆ ಇವನ ಹೆಸರನ್ನು ನಾವೆಲ್ಲ ಓದಿದ್ದೇವೆ, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೇವೆ. ಮರೆಯಬಾರದ ಮನುಷ್ಯ ಈತ. ಅದರಲ್ಲೂ ಮುಂಬಯಿಯಲ್ಲಿ, ಮದರಾಸಿನಲ್ಲಿ ಇರುವವರು ಮರೆಯಲೇಬಾರದು. ಏಕೆಂಬುದು ಮುಂದೆ ತಿಳಿಯುತ್ತದೆ.

ಹಂಬೋಲ್ಟ್ ಹುಟ್ಟಿದ್ದು 1769ರ ಸೆಪ್ಟೆಂಬರ್ 14ರಂದು, ಬರ್ಲಿನ್ನಿನಲ್ಲಿ. ತಂದೆ ಪ್ರಷ್ಯದ ಸೈನ್ಯದಲ್ಲಿ ಅಧಿಕಾರಿಯಾಗಿದ್ದವನು, ಮಗನಿಗೆ ಹತ್ತು ತುಂಬುವ ಮೊದಲೇ ತೀರಿಕೊಂಡ. ತಾಯಿ ಶ್ರೀಮಂತೆ, ಬಿಗಿ ಸ್ವಭಾವದವಳು. ಅಣ್ಣ ವಿಲ್ಹೆಲ್ಮ್ ಓದಿನಲ್ಲಿ ಬಲು ಚುರುಕು. ತಮ್ಮ ಮಾತ್ರ ಟೇಗೆಲ್ ಎಂಬಲ್ಲಿದ್ದ ಅವರ ಬಂಗಲೆಯ ಸುತ್ತಲಿನ ಕಾಡಿನಲ್ಲಿ ಹುಳು, ಚಿಪ್ಪು, ಸೊಪ್ಪು ಕೂಡಿಹಾಕುತ್ತ ತಿರುಗುವವ. ಮನೆಯವರು ಇವನನ್ನು ಪುಟ್ಟ ಔಷಧಿ ಅಂಗಡಿಯವ ಎಂದು ಗೇಲಿ ಮಾಡುತ್ತಿದ್ದರಂತೆ. ವಿಲ್ಹೆಲ್ಮ್ ಮುಂದೆ ದೊಡ್ಡ ಭಾಷಾಶಾಸ್ತ್ರಜ್ಞನಾದ, ಸಂಸ್ಕೃತ ಕಲಿತು 1825-26ರಲ್ಲಿ ಬರ್ಲಿನ್ ಅಕಾಡೆಮಿಯಲ್ಲಿ ಭಗವದ್ಗೀತೆಯ ಮೇಲೆ ಉಪನ್ಯಾಸ ಕೊಟ್ಟ. ಹೀಗೆ ಅಣ್ಣ ಪುಸ್ತಕದ ಮೂಲಕ ಭಾರತಕ್ಕೆ ಬಂದ. ತಮ್ಮನಿಗೆ ಕಾಲಿನಿಂದಲೇ ನಡೆದು ಬರಬೇಕೆಂಬ ಆಸೆ. ಆ ಆಸೆ ಏನಾಯಿತು ಎಂಬುದೇ ಒಂದು ದುಃಖದ ಕತೆ.

ತಾಯಿಗೆ ಮಗ ಸರಕಾರಿ ನೌಕರಿ ಹಿಡಿಯಬೇಕು ಅಂತ. ನಮ್ಮ ಮನೆಗಳ ಹಾಗೇ ಅನ್ನಿ! ಗೊಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿ, 1791ರಲ್ಲಿ ಫ್ರೈಬರ್ಗ್ ಗಣಿ ವಿದ್ಯಾಲಯ ಸೇರಿ, ಮರುವರ್ಷವೇ ಗಣಿ ಇಲಾಖೆಯ ಅಧಿಕಾರಿಯಾದ. ನೌಕರಿಯನ್ನು ಕಾಟಾಚಾರಕ್ಕೆ ಮಾಡಲಿಲ್ಲ. ಗಣಿಯೊಳಗೆ ಇಳಿದು ಕೂಲಿಗಳ ಕಷ್ಟ ಕಂಡ. ಕೆಟ್ಟ ಗಾಳಿಯಲ್ಲೂ ಉರಿಯುವ ದೀಪ ಮಾಡಲು ಹೊರಟ. ಸ್ಟೇಬೆನ್ ಎಂಬ ಊರಿನಲ್ಲಿ ಕೂಲಿಗಳಿಗಾಗಿ ಪುಕ್ಕಟೆ ಶಾಲೆ ತೆಗೆದ. 1796ರಲ್ಲಿ ಆ ಭಾಗದ ಹೈಡ್‌ಬೆರ್ಗ್ ಎಂಬ ಗುಡ್ಡದ ಮೇಲೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಅಲ್ಲಿಯ ಬಂಡೆಯ ಹತ್ತಿರ ಹಿಡಿದರೆ ದಿಕ್ಸೂಚಿಯ ಸೂಜಿ ಉತ್ತರವನ್ನು ಬಿಟ್ಟು ಅತ್ತಿತ್ತ ತಿರುಗುತ್ತಿತ್ತು! ಗುಡ್ಡದ ಬಂಡೆಯೇ ಅಯಸ್ಕಾಂತ. ಅಂದಿನಿಂದ ಹಿಡಿದ ಕಾಂತದ ಹುಚ್ಚು ಅರವತ್ತು ವರುಷ ಬಿಡಲಿಲ್ಲ.

ಅದೇ ವರ್ಷ ತಾಯಿ ತೀರಿಕೊಂಡಳು. ಕೈಗೆ ದೊಡ್ಡ ಆಸ್ತಿ ಬಂತು. ಬೇರೆಯವರಾಗಿದ್ದರೆ ಬಂಗಲೆ ಕಟ್ಟಿಸಿ ಮದುವೆಯಾಗಿ ಹಾಯಾಗಿ ಇರುತ್ತಿದ್ದರು. ಇವನು ನೌಕರಿಗೆ ರಾಜೀನಾಮೆ ಕೊಟ್ಟು ಉಪಕರಣ ಕೊಳ್ಳಲು ನಿಂತ. ದೂರದರ್ಶಕ, ಉಷ್ಣಮಾಪಕ, ವಾಯುಭಾರಮಾಪಕ, ಕಾಂತದ ಸೂಜಿಗಳು, ಹೀಗೆ ನಲವತ್ತಕ್ಕೂ ಮಿಕ್ಕಿದ ಸಾಮಾನು. ಏಮೆ ಬೋನ್‌ಪ್ಲಾ ಎಂಬ ಫ್ರೆಂಚ್ ಸಸ್ಯತಜ್ಞನನ್ನು ಜೊತೆ ಮಾಡಿಕೊಂಡು 1799ರ ಜೂನ್ 5ರಂದು ಸ್ಪೇನಿನ ಲಾ ಕೊರುನ್ಯಾ ಬಂದರಿನಿಂದ ಹಡಗು ಹತ್ತಿದ. ಜುಲೈ 16ರಂದು ಈಗಿನ ವೆನೆಜುವೆಲಾದ ಕುಮಾನಾ ಪಟ್ಟಣದಲ್ಲಿ ಇಳಿದ.

ಕುಮಾನಾ ಸುಂದರ ಊರು, ಆದರೆ ಪೆಟ್ಟು ತಿಂದ ಊರು. ಒಂದೂವರೆ ವರ್ಷದ ಹಿಂದೆ, 1797ರ ಡಿಸೆಂಬರ್ 14ರಂದು, ಭೂಕಂಪವಾಗಿ ಊರಿನ ಐದರಲ್ಲಿ ನಾಲ್ಕು ಪಾಲು ನೆಲಸಮವಾಗಿತ್ತು. ಜನರ ಕಣ್ಣಲ್ಲಿ ಇನ್ನೂ ಆ ಭಯ. ಹಂಬೋಲ್ಟ್ ಬಾಡಿಗೆಗೆ ಹಿಡಿದ ಮನೆಯ ಎದುರಿಗೇ ಇನ್ನೊಂದು ನೋಟವೂ ಇತ್ತು: ಆಫ್ರಿಕಾದಿಂದ ತಂದ ಗುಲಾಮರನ್ನು ಅಲ್ಲಿ ದನದ ಸಂತೆಯಂತೆ ಹರಾಜು ಹಾಕುತ್ತಿದ್ದರು, ಹಲ್ಲು ನೋಡಿ ಬೆಲೆ ಕಟ್ಟುತ್ತಿದ್ದರು. ಆ ನೋಟ ಅವನ ಎದೆಗೆ ನಾಟಿತು. ಸಾಯುವ ತನಕ ಗುಲಾಮಗಿರಿಯನ್ನು ಬರೆದು, ಮಾತಾಡಿ ವಿರೋಧಿಸಿದ. 1856ರಲ್ಲಿ ಆತನ ಕ್ಯೂಬಾ ಪುಸ್ತಕವನ್ನು ಇಂಗ್ಲಿಷಿಗೆ ತಂದ ಅಮೆರಿಕದವನೊಬ್ಬ ಗುಲಾಮಗಿರಿಯ ಅಧ್ಯಾಯವನ್ನೇ ಬಿಟ್ಟುಬಿಟ್ಟಾಗ, ಎಂಬತ್ತಾರರ ಮುದುಕ ಪತ್ರಿಕೆಗಳಲ್ಲಿ ಬಹಿರಂಗವಾಗಿ ಪ್ರತಿಭಟಿಸಿದ.

ಈಗ ನಮ್ಮ ವಿಷಯಕ್ಕೆ ಬರೋಣ. 1799ರ ನವೆಂಬರ್ 4, ಸಂಜೆ ನಾಲ್ಕು ಗಂಟೆ ದಾಟಿತ್ತು. ಅದಕ್ಕೂ ಮುಂಚಿನ ಕೆಲವು ದಿನ ಸಂಜೆಯ ಆಕಾಶದಲ್ಲಿ ಕೆಂಪು ಮಂಜು ಕವಿಯುತ್ತಿತ್ತು, ಸೆಕೆ ತಡೆಯಲಾಗುತ್ತಿರಲಿಲ್ಲ. ಮೋಡ, ಗಾಳಿ, ಗುಡುಗು. ಆಗ ನೆಲ ನಡುಗಿತು. ಹದಿನೈದು ಸೆಕೆಂಡು ಬಿಟ್ಟು ಮತ್ತೊಮ್ಮೆ. ಮೇಜಿನ ಮೇಲೆ ಬಗ್ಗಿ ಗಿಡಗಳನ್ನು ನೋಡುತ್ತಿದ್ದ ಬೋನ್‌ಪ್ಲಾ ಬೀಳುವುದರಲ್ಲಿದ್ದ. ಹಗ್ಗದ ಜೋಲಿಯಲ್ಲಿ ಮಲಗಿದ್ದ ಹಂಬೋಲ್ಟನಿಗೂ ಹೊಡೆತ ಜೋರಾಗಿಯೇ ತಟ್ಟಿತು. ಬೀದಿಯಲ್ಲಿ ಜನರ ಚೀರಾಟ. ಹಂಬೋಲ್ಟನ ಬಾಳಿನಲ್ಲಿ ಇದೇ ಮೊದಲ ಭೂಕಂಪ. ಭಯ ಇಳಿದ ಮೇಲೆ ಅವನು ಪೆಟ್ಟಿಗೆಯಿಂದ ಸೂಜಿಯನ್ನು ತೆಗೆದ.

ಯಾವ ಸೂಜಿ? ನಮಗೆ ಗೊತ್ತಿರುವ ದಿಕ್ಸೂಚಿಯ ಸೂಜಿ ಮಲಗಿಕೊಂಡು ಉತ್ತರಕ್ಕೆ ಮುಖ ಮಾಡುತ್ತದೆ. ಅದೇ ಸೂಜಿಯನ್ನು ಮೇಲೆ-ಕೆಳಗೆ ಆಡುವಂತೆ ತೂಗಿಬಿಟ್ಟರೆ ಅದು ತಲೆ ಬಾಗಿಸಿ ನೆಲದತ್ತ ನೋಡುತ್ತದೆ. ಎಷ್ಟು ಬಾಗುತ್ತದೆ ಎಂಬುದೇ ನತಿಕೋನ. ಧ್ರುವದ ಹತ್ತಿರ ಸೂಜಿ ನೆಟ್ಟಗೆ ಕೆಳಗೆ ನಿಲ್ಲುತ್ತದೆ. ಕಾಂತದ ವಿಷುವತ್ ರೇಖೆಯ ಮೇಲೆ ಅಡ್ಡಕ್ಕೆ ಮಲಗುತ್ತದೆ. ನಡುವಿನ ಪ್ರತಿ ಊರಿಗೂ ಒಂದೊಂದು ಕೋನ. ಹಂಬೋಲ್ಟ್ ನವೆಂಬರ್ 1ರಂದೇ ಕುಮಾನಾದ ಕೋನವನ್ನು ಅಳೆದು ಬರೆದಿಟ್ಟಿದ್ದ. ಇಂಥ ಅದೃಷ್ಟ ಎಷ್ಟು ಜನಕ್ಕೆ ಸಿಕ್ಕೀತು! ಭೂಕಂಪವಾದ ಮೂರನೆಯ ದಿನ ಮತ್ತೆ ಅಳೆದ. ಸೂಜಿಯ ಬಾಗು ಸುಮಾರು 48 ಮಿನಿಟಿನಷ್ಟು ಕಡಿಮೆಯಾಗಿತ್ತು. ಒಂದು ಡಿಗ್ರಿಗೆ 60 ಮಿನಿಟು. ಅಂದರೆ ಮುಕ್ಕಾಲು ಡಿಗ್ರಿಗೂ ಮಿಕ್ಕಿ. ಉತ್ತರದ ದಿಕ್ಕು ತೋರುವ ಸೂಜಿ ಮಾತ್ರ ಇದ್ದಲ್ಲೇ ಇತ್ತು.

ಈ ಅಂಕಿಯ ತೂಕ ಏನೆಂದು ಸ್ವಲ್ಪ ಯೋಚಿಸಿ. ಭೂಕಂಪ ಭೂಮಿಯ ಕಾಂತಕ್ಷೇತ್ರವನ್ನು ಬದಲಿಸುತ್ತದೆ ಎಂದಾದರೆ, ನೆಲದೊಳಗೆ ಏನು ನಡೆಯುತ್ತಿದೆ ಎಂದು ತಿಳಿಯಲು ಸೂಜಿಯೊಂದು ಸಾಕು. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಂಪನಕ್ಕೆ ಮೊದಲೇ ಸೂಜಿ ಅಲುಗಿದರೆ? ಕುಮಾನಾದ ಜನ ಮನೆ ಬಿಟ್ಟು ಬಯಲಿಗೆ ಬಂದು ಜೀವ ಉಳಿಸಿಕೊಳ್ಳಬಹುದಿತ್ತು. ಬೇರೊಬ್ಬನಾಗಿದ್ದರೆ ಮರುದಿನವೇ ಯುರೋಪಿಗೆ ಪತ್ರ ಬರೆದು ಹೊಸ ನಿಯಮ ಸಾರಿಬಿಡುತ್ತಿದ್ದ.

ಹಂಬೋಲ್ಟ್ ಕಾದ. ಸೂಜಿ ಮೊದಲಿನ ಸ್ಥಾನಕ್ಕೆ ನಿಧಾನವಾಗಿ ಬಂದೀತೆಂದು ಅವನ ಊಹೆ. ಒರಿನೊಕೊ ನದಿಯಲ್ಲಿ ಸೊಳ್ಳೆ ಕಚ್ಚಿಸಿಕೊಂಡು, ದೋಣಿಯಲ್ಲಿ ತಿಂಗಳುಗಟ್ಟಲೆ ತಿರುಗಿ, 1800ರಲ್ಲಿ ಮತ್ತೆ ಕುಮಾನಾಕ್ಕೆ ಬಂದಾಗ ಅಳೆದು ನೋಡಿದ. ಸೂಜಿ ಹಳೆಯ ಜಾಗಕ್ಕೆ ಹೋಗಿರಲಿಲ್ಲ. ಆಮೇಲೆ ಕಿಟೊ ಪ್ರಸ್ಥಭೂಮಿಯಲ್ಲಿ, ಲೀಮಾದಲ್ಲಿ ಎಷ್ಟೋ ಸಲ ನೆಲ ನಡುಗಿತು, ಕೆಲವು ಸಲ ಬಲವಾಗಿಯೇ. ಪ್ರತಿ ಸಲವೂ ಆಸೆಯಿಂದ ಸೂಜಿ ನೋಡಿದ. ಪ್ರತಿ ಸಲವೂ ಅದು ಮಿಸುಕಲಿಲ್ಲ. ಒಮ್ಮೆ ಕಂಡದ್ದು ಮತ್ತೆಂದೂ ಕಾಣಲಿಲ್ಲ.  ನಲವತ್ತೈದು ವರ್ಷ ಕಳೆದು, ಜಗತ್ತೇ ತಲೆಬಾಗುವ ಪಂಡಿತನಾದ ಮೇಲೆ, ತನ್ನ ಮಹಾಗ್ರಂಥ ‘ಕಾಸ್ಮೋಸ್’ನಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿ ಬರೆದ: ಒಮ್ಮೆ ಕಂಡದ್ದನ್ನೂ, ಅನೇಕ ಸಲ ಕಾಣದ್ದನ್ನೂ. ಚಂದದ ಅಂಕಿಯನ್ನು ಅಡಗಿಸಲಿಲ್ಲ, ಅದರ ಮೇಲೆ ಮಹಡಿಯನ್ನೂ ಕಟ್ಟಲಿಲ್ಲ. ನಮ್ಮ ಪ್ರಾಕ್ಟಿಕಲ್ ತರಗತಿಗಳಲ್ಲಿ ಉತ್ತರ ಮೊದಲೇ ಬರೆದು ಅಳತೆಯನ್ನು ಅದಕ್ಕೆ ಹೊಂದಿಸುವ ಜಾಣರು ಈ ಪುಟವನ್ನೊಮ್ಮೆ ಓದಬೇಕು.

ಉಳಿದ ಪ್ರವಾಸದ ಕತೆ ದೊಡ್ಡದು, ಚುಟುಕಾಗಿ ಹೇಳಿ ಮುಗಿಸುತ್ತೇನೆ. 1802ರ ಜೂನ್ 23ರಂದು, ಜಗತ್ತಿನಲ್ಲೇ ಎತ್ತರದ ಪರ್ವತ ಎಂದು ಆಗ ತಿಳಿದಿದ್ದ ಚಿಂಬೊರಾಜೊವನ್ನು ತುದಿ ಮುಟ್ಟುವ ಮೊದಲೇ ನಿಲ್ಲಬೇಕಾಗಿ ಬಂದರೂ, ಅದುವರೆಗೆ ಯಾರೂ ಏರಿದ ದಾಖಲೆಯಿಲ್ಲದಷ್ಟು ಎತ್ತರ ಏರಿದ. ಪೆರುವಿನ ಕಾಹಮಾರ್ಕಾ ಸಮೀಪ ಕಾಂತದ ವಿಷುವತ್ ರೇಖೆಯನ್ನು ದಾಟಿದ; ಅಲ್ಲಿ ಸೂಜಿ ತಕ್ಕಡಿಯ ದಂಡಿಗೆಯಂತೆ ಅಡ್ಡ ನಿಂತಿತು. ಅಲ್ಲಿಂದ ಧ್ರುವದ ಕಡೆಗೆ ಹೋದಂತೆಲ್ಲ ಭೂಮಿಯ ಕಾಂತಬಲ ಹೆಚ್ಚುತ್ತದೆ ಎಂಬುದನ್ನು ತನ್ನ ಅಳತೆಗಳಿಂದ ತೋರಿಸಿಕೊಟ್ಟ. 1804ರಲ್ಲಿ ಯುರೋಪಿಗೆ ಮರಳಿದಾಗ ಪ್ಯಾರಿಸ್ಸಿನಲ್ಲಿ ಭರ್ಜರಿ ಸ್ವಾಗತ. ಸಾವಿರಾರು ಗಿಡಗಳ ಮಾದರಿ, ಪೆಟ್ಟಿಗೆಗಟ್ಟಲೆ ಟಿಪ್ಪಣಿ. ಅದನ್ನೆಲ್ಲ ಅಚ್ಚು ಹಾಕಿಸುತ್ತ ಕೈಯಲ್ಲಿದ್ದ ಆಸ್ತಿ ಕರಗಿಹೋಯಿತು.

1806-07ರಲ್ಲಿ ಬರ್ಲಿನ್ನಿನ ಒಂದು ತೋಟದಲ್ಲಿ ಓಲ್ಟ್‌ಮನ್ಸ್ ಎಂಬ ಗೆಳೆಯನ ಜೊತೆ ಸರದಿಯ ಮೇಲೆ ಅರ್ಧ ಗಂಟೆಗೊಮ್ಮೆ ಸೂಜಿ ನೋಡಿದ, ರಾತ್ರಿಯೆಲ್ಲ ನಿದ್ದೆಗೆಟ್ಟು. ಡಿಸೆಂಬರಿನ ಒಂದು ರಾತ್ರಿ ಉತ್ತರದ ಆಕಾಶದಲ್ಲಿ ಧ್ರುವಪ್ರಭೆ ಬೆಳಗಿತು. ಆಗಲೇ ಸೂಜಿ ಹುಚ್ಚು ಹಿಡಿದಂತೆ ಕುಣಿಯಿತು. ನೆಲ ನಡುಗಿದಾಗ ಅಲುಗದ ಸೂಜಿ ಆಕಾಶ ಬೆಳಗಿದಾಗ ಕುಣಿಯುವುದೆಂದರೇನು? ಇಂಥ ಕುಣಿತಕ್ಕೆ ಕಾಂತದ ಬಿರುಗಾಳಿ ಎಂದು ಹೆಸರಿಟ್ಟವನು ಇವನೇ. ಆ ಹೆಸರು ಇವತ್ತಿಗೂ ಉಳಿದಿದೆ.

ಇನ್ನು ಭಾರತದ ಆಸೆ. ಹಿಮಾಲಯವನ್ನು ಆಂಡಿಸ್ ಜೊತೆ ಹೋಲಿಸಬೇಕು, ಅಲ್ಲಿ ಸೂಜಿ ಎಷ್ಟು ಬಾಗುತ್ತದೆ ನೋಡಬೇಕು. ಪ್ರಷ್ಯದ ದೊರೆ ಹಣ ಕೊಡಲೂ ಒಪ್ಪಿದ. ಆದರೆ ಭಾರತದ ಬಾಗಿಲ ಬೀಗದ ಕೈ ಈಸ್ಟ್ ಇಂಡಿಯಾ ಕಂಪನಿಯ ಸೊಂಟದಲ್ಲಿತ್ತು. 1814, 1817, 1818 ಹೀಗೆ ಮತ್ತೆಮತ್ತೆ ಲಂಡನ್ನಿಗೆ ಹೋಗಿ ಬಂದ. ಅಪ್ಪಣೆ ಸಿಗಲಿಲ್ಲ. ಸ್ಪೇನಿನವರು ಅಮೆರಿಕದಲ್ಲಿ ನಡೆಸಿದ ಸುಲಿಗೆಯನ್ನು ಇವನು ಪುಸ್ತಕದಲ್ಲಿ ಅಂಕಿಅಂಶ ಸಮೇತ ಬರೆದಿದ್ದ. ನಮ್ಮ ಲೆಕ್ಕವನ್ನೂ ಈತ ಬರೆದಾನು ಎಂದು ಕಂಪನಿಗೆ ಹೆದರಿಕೆ ಇತ್ತೆಂದು ಚರಿತ್ರಕಾರರ ಅಭಿಪ್ರಾಯ. ಕಳ್ಳನಿಗೆ ಬೆಳದಿಂಗಳಾಗದು, ಅಷ್ಟೆ. ಹೀಗಾಗಿ ಹಿಮಾಲಯ ನೋಡುವ ಭಾಗ್ಯ ಆತನಿಗೆ ಬರಲೇ ಇಲ್ಲ.

ತಾನು ಹೋಗಲಾಗದ ಕಡೆಗೆ ಸೂಜಿಯನ್ನು ಕಳಿಸಿದ್ದೇ ಹಂಬೋಲ್ಟನ ದೊಡ್ಡಸ್ತಿಕೆ. 1827ರಲ್ಲಿ ಬರ್ಲಿನ್ನಿಗೆ ಮರಳಿ, ಕೂಲಿಯಿಂದ ದೊರೆಯ ತನಕ ಎಲ್ಲರಿಗೂ ಪುಕ್ಕಟೆ ಉಪನ್ಯಾಸಗಳನ್ನು ಕೊಟ್ಟ. ಮರುವರ್ಷ ಮೆಂಡೆಲ್ಸನ್ ಕುಟುಂಬದ ತೋಟದಲ್ಲಿ ಒಂದು ಗುಡಿಸಲು ಕಟ್ಟಿಸಿದ, ಒಂದು ಕಬ್ಬಿಣದ ಮೊಳೆಯೂ ಇಲ್ಲದೆ. ಕಬ್ಬಿಣ ಇದ್ದರೆ ಸೂಜಿ ಅದರತ್ತ ವಾಲುತ್ತದಲ್ಲ! ಅದೇ ಗಳಿಗೆಗೆ ಪ್ಯಾರಿಸ್ಸಿನಲ್ಲಿ ಗೆಳೆಯ ಅರಾಗೊ, ಫ್ರೈಬರ್ಗಿನಲ್ಲಿ ಗಣಿಯ ಆಳದಲ್ಲಿ ಇನ್ನು ಕೆಲವರು ಸೂಜಿ ನೋಡುವ ಏರ್ಪಾಡು. ಒಂದು ಊರಿನ ಸೂಜಿ ಅಲುಗಿದರೆ ಕಾರಣ ನೂರು ಇರಬಹುದು, ಹತ್ತು ಊರುಗಳ ಸೂಜಿ ಒಟ್ಟಿಗೆ ಅಲುಗಿದರೆ ಅದು ಭೂಮಿಯ ಸುದ್ದಿ ಅಥವಾ ಆಕಾಶದ ಸುದ್ದಿ. ಕುಮಾನಾದಲ್ಲಿ ಒಬ್ಬನೇ, ಒಂದೇ ಸೂಜಿಯೊಡನೆ ಪಟ್ಟ ಪೇಚಾಟಕ್ಕೆ ಸರಿಯಾದ ಉತ್ತರ ಇದೇ.

1829ರಲ್ಲಿ, ಅರವತ್ತು ತುಂಬುವ ವಯಸ್ಸಿನಲ್ಲಿ, ರಷ್ಯದ ಚಕ್ರವರ್ತಿಯ ಆಹ್ವಾನದ ಮೇಲೆ ಚೀನಾ ಗಡಿಯ ತನಕ ಗಾಡಿಯಲ್ಲಿ ಹೋಗಿ ಬಂದ. ರಷ್ಯದ ಉದ್ದಕ್ಕೂ ಕಾಂತ ವೀಕ್ಷಣಾಲಯಗಳು ಎದ್ದವು. ಇವನು ಹಚ್ಚಿದ ಆಸಕ್ತಿಯಿಂದಲೇ ಗಣಿತದ ಮಹಾಮೇಧಾವಿ ಗೌಸ್, ವೆಬರ್ ಜೊತೆ ಸೇರಿ ಗೊಟಿಂಗೆನ್ನಿನಲ್ಲಿ ಕಾಂತ ಸಂಘ ಕಟ್ಟಿದ. 1836ರ ಏಪ್ರಿಲಿನಲ್ಲಿ ಹಂಬೋಲ್ಟ್ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಸಸೆಕ್ಸ್ ಡ್ಯೂಕನಿಗೆ ಪತ್ರ ಬರೆದು, ಬ್ರಿಟಿಷರ ನೆಲವೆಲ್ಲದರಲ್ಲೂ ಇಂಥ ಠಾಣೆಗಳನ್ನು ತೆರೆಯಲು ಕೇಳಿಕೊಂಡ. ಟೊರಾಂಟೊ, ಸೇಂಟ್ ಹೆಲೆನಾ, ಹೋಬಾರ್ಟ್, ಆಫ್ರಿಕಾದ ತುದಿ ಎಲ್ಲ ಕಡೆ ಸೂಜಿಗಳು ತೂಗಿದವು. ಆತನನ್ನು ಒಳಗೆ ಬಿಡದ ಕಂಪನಿಯೇ ಸಿಮ್ಲಾ, ಮದರಾಸು, ಸಿಂಗಪುರ, ಮುಂಬಯಿಗಳಲ್ಲಿ ಆತ ಕೇಳಿದ ಕೆಲಸ ಮಾಡಿಸಿತು! 1826ರಲ್ಲಿ ಶುರುವಾಗಿದ್ದ ನಮ್ಮ ಕೊಲಾಬಾ ವೀಕ್ಷಣಾಲಯದಲ್ಲಿ 1841ರಿಂದ ಕಾಂತದ ಅಳತೆ ಆರಂಭವಾದದ್ದು ಈ ಅಲೆಯಲ್ಲಿ. 1854ರಲ್ಲಿ ಹಂಬೋಲ್ಟನ ಶಿಫಾರಸಿನ ಮೇಲೆ ಶ್ಲಾಗಿಂಟ್‌ವೈಟ್ ಎಂಬ ಮೂವರು ಸೋದರರು ಕಾಂತದ ಸಮೀಕ್ಷೆಗಾಗಿ ಭಾರತಕ್ಕೆ ಬಂದರು. ಅವರಲ್ಲಿ ಅಡಾಲ್ಫ್ 1857ರಲ್ಲಿ ಕಾಶ್ಗರದಲ್ಲಿ ಕೊಲೆಯಾದ. ಉಳಿದಿಬ್ಬರು ಮರಳಿ ಹೋಗಿ ಮುದುಕನಿಗೆ ಹಿಮಾಲಯದ ಕತೆ ಹೇಳಿದರು.

ಹಂಬೋಲ್ಟ್ 1859ರ ಮೇ 6ರಂದು, ತೊಂಬತ್ತರ ಹೊಸ್ತಿಲಲ್ಲಿ, ಬರ್ಲಿನ್ನಿನಲ್ಲಿ ತೀರಿಕೊಂಡ. ಮದುವೆಯಾಗಿರಲಿಲ್ಲ, ಹಣ ಉಳಿದಿರಲಿಲ್ಲ. ಮನೆಯ ಸಾಮಾನನ್ನು ಸೇವಕ ಸೈಫರ್ಟನಿಗೆ ಬಿಟ್ಟುಕೊಟ್ಟಿದ್ದ. ನಾಲ್ಕು ತಿಂಗಳಾಗಲಿಲ್ಲ, ಸೆಪ್ಟೆಂಬರ್ ಮೊದಲ ವಾರದಲ್ಲಿ ಸೂರ್ಯನಿಂದ ಎದ್ದ ಮಹಾಕಾಂತಬಿರುಗಾಳಿ ಭೂಮಿಗೆ ಅಪ್ಪಳಿಸಿತು. ಕೊಲಾಬಾದಲ್ಲಿ ಕಾಂತಬಲ ಸುಮಾರು 1600 ನ್ಯಾನೊಟೆಸ್ಲಾ ಕುಸಿದದ್ದನ್ನು ಅಲ್ಲಿಯ ನೌಕರರು ಕಣ್ಣಿನಿಂದ ನೋಡಿ ಕೈಯಿಂದ ಬರೆದಿಟ್ಟರು. ಜಗತ್ತಿನ ವಿಜ್ಞಾನಿಗಳು ಆ ಕಡತವನ್ನು ಇಂದಿಗೂ ಹುಡುಕಿ ಓದುತ್ತಾರೆ. ಮುದುಕ ಇನ್ನು ನಾಲ್ಕು ತಿಂಗಳು ಬದುಕಿದ್ದರೆ!

ಹಾಗಾದರೆ ಕುಮಾನಾದ ಪ್ರಶ್ನೆ ಏನಾಯಿತು? 1897ರ ಜೂನ್ 12ರಂದು ಅಸ್ಸಾಮಿನಲ್ಲಿ ಭಯಂಕರ ಭೂಕಂಪವಾದಾಗ ಕೊಲಾಬಾದ ಕಾಂತದ ಸೂಜಿಗಳು ಅಲುಗಿದವು. ಆಗಿನ ನಿರ್ದೇಶಕ ನಾನಾಭಾಯ್ ಮೂಸ್, ಆ ಹುದ್ದೆಗೇರಿದ ಮೊದಲ ಭಾರತೀಯ. ತೂಗಿಬಿಟ್ಟ ಸೂಜಿಯನ್ನು ನೆಲದ ಅಲೆ ತೊಟ್ಟಿಲಿನಂತೆ ತೂಗಿದರೂ ಅದು ಅಲುಗುತ್ತದೆ, ಕಾಂತಕ್ಷೇತ್ರ ಬದಲಾದರೂ ಅಲುಗುತ್ತದೆ. ಎರಡನ್ನೂ ಬೇರೆ ಮಾಡಬೇಕಾದರೆ ಪಕ್ಕದಲ್ಲೇ ಭೂಕಂಪಮಾಪಕ ಬೇಕು. ಮೂಸರ ಕಾಲದಲ್ಲೇ ಅದೂ ಕೊಲಾಬಾಕ್ಕೆ ಬಂತು. ಮುಂಬಯಿಯ ಟ್ರಾಂ ವಿದ್ಯುತ್ತಿನಿಂದ ಓಡಲಿದೆ ಎಂದು ಗೊತ್ತಾದಾಗ, ಸೂಜಿಗಳಿಗೆ ಅದರ ಕಾಟ ತಟ್ಟದಿರಲೆಂದು 1904ರಲ್ಲಿ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯ ಕಟ್ಟಿಸಿದವರೂ ಅವರೇ.

ಈಗಿನ ತಿಳಿವಳಿಕೆ ಹೀಗಿದೆ. ಭೂಮಿಯ ಕಾಂತಕ್ಷೇತ್ರ ಹುಟ್ಟುವುದು ಸುಮಾರು 2900 ಕಿಲೋಮೀಟರ್ ಆಳದ ಕೆಳಗೆ, ಕರಗಿದ ಕಬ್ಬಿಣದ ಗರ್ಭದಲ್ಲಿ. ಮೇಲಿನ ಚಿಪ್ಪಿನಲ್ಲಿ ಆಗುವ ಭೂಕಂಪ ಅಲ್ಲಿಯ ಯಂತ್ರವನ್ನು ತಿರುಚಲಾರದು. ಆದರೆ ಹೈಡ್‌ಬೆರ್ಗಿನಲ್ಲಿ ಕಂಡ ಬಂಡೆಯಂತೆ ಚಿಪ್ಪಿನ ಎಷ್ಟೋ ಬಂಡೆಗಳು ತಾವೇ ಸಣ್ಣ ಅಯಸ್ಕಾಂತಗಳು. ಅವುಗಳ ಮೇಲಿನ ಒತ್ತಡ ಬದಲಾದರೆ ಅವುಗಳ ಕಾಂತಗುಣ ತುಸು ಬದಲಾಗುತ್ತದೆ. ಬಿರುಕುಗಳಲ್ಲಿ ನೀರು ನುಗ್ಗಿದರೆ ಸಣ್ಣ ವಿದ್ಯುತ್ ಹರಿದು ಅದೂ ಕ್ಷೇತ್ರವನ್ನು ಮುಟ್ಟುತ್ತದೆ. ದೊಡ್ಡ ಕಂಪನ ನೆಲವನ್ನೂ ಕಡಲನ್ನೂ ಎತ್ತಿ ಇಳಿಸಿದಾಗ ಗಾಳಿಯಲ್ಲಿ ಎದ್ದ ಅಲೆ ಹತ್ತು ನಿಮಿಷದಷ್ಟರಲ್ಲಿ ಅಯಾನುಗೋಳ ತಲುಪಿ, ಅಲ್ಲಿಯ ವಿದ್ಯುತ್ತನ್ನು ಕದಡುತ್ತದೆ. 2004ರ ಸುಮಾತ್ರ, 2011ರ ಜಪಾನ್ ಭೂಕಂಪಗಳಲ್ಲಿ ಇದನ್ನು ಕಂಡಿದ್ದಾರೆ. ಸುನಾಮಿಯ ಉಪ್ಪುನೀರು ಭೂಮಿಯ ಕ್ಷೇತ್ರದಲ್ಲಿ ಹರಿಯುವಾಗಲೂ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ. ಎಲ್ಲವೂ ನಿಜ. ಆದರೆ ಪ್ರಮಾಣ? ಭೂಮಿಯ ಕ್ಷೇತ್ರ ಹತ್ತಾರು ಸಾವಿರ ನ್ಯಾನೊಟೆಸ್ಲಾ. ಭೂಕಂಪದಿಂದ ಬಂಡೆಗಳಲ್ಲಿ ಆದ ಬದಲಾವಣೆ ಸಾಮಾನ್ಯವಾಗಿ ಒಂದೋ ಎರಡೋ ನ್ಯಾನೊಟೆಸ್ಲಾ. ಕುಮಾನಾದ 48 ಮಿನಿಟಿಗೆ ನೂರಾರು ನ್ಯಾನೊಟೆಸ್ಲಾ ಬೇಕು. ಆದ್ದರಿಂದ ಹೀಗೆ ಅನ್ನಬೇಕು: ತಪ್ಪಿದ್ದು ಬಹುಶಃ ಸೂಜಿ, ಭೂಮಿಯಲ್ಲ.

ಮುನ್ಸೂಚನೆಯ ಆಸೆಯೂ ಸತ್ತಿಲ್ಲ. 1989ರ ಅಕ್ಟೋಬರ್ 17ರಂದು ಕ್ಯಾಲಿಫೋರ್ನಿಯದ ಲೋಮಾ ಪ್ರಿಯೆಟಾ ಕಂಪಿಸುವುದಕ್ಕೆ ಮುಂಚೆ, ಹತ್ತಿರದ ಉಪಕರಣವೊಂದರಲ್ಲಿ ವಿಚಿತ್ರ ಕಾಂತದ ಸದ್ದು ದಾಖಲಾಗಿತ್ತು. ಜಗತ್ತೆಲ್ಲ ಹಿಗ್ಗಿತು. ಇಪ್ಪತ್ತು ವರ್ಷದ ಮೇಲೆ ಅದೇ ದಾಖಲೆಯನ್ನು ಬೇರೆ ಠಾಣೆಗಳದರೊಡನೆ ಹೋಲಿಸಿದವರು, ಅದು ಉಪಕರಣದ ದೋಷವೇ ಇರಬೇಕೆಂದು ವಾದಿಸಿದರು. ಕುಮಾನಾದ ಕತೆಯೇ ಮತ್ತೊಮ್ಮೆ! ಇವತ್ತಿಗೂ ಕಾಂತದ ಸೂಜಿ ನೋಡಿ ಇಂಥ ದಿನ ಭೂಕಂಪ ಎಂದು ಹೇಳಬಲ್ಲವರು ಯಾರೂ ಇಲ್ಲ. ಹೇಳುತ್ತೇವೆ ಅನ್ನುವವರನ್ನು, ನಿಮ್ಮ ಸೂಜಿ ಎಷ್ಟು ಸಲ ಸುಮ್ಮನಿತ್ತು ಎಂದು ಕೇಳಿ.

ಹಂಬೋಲ್ಟನ ಹೆಸರಿನಲ್ಲಿ ಪರ್ವತಗಳಿವೆ, ನದಿಗಳಿವೆ, ಕಡಲಿನ ಪ್ರವಾಹವಿದೆ. ಅವೆಲ್ಲ ಅವನು ನಡೆದಾಡಿದ ಗುರುತು. ಸೂಜಿ ಅಲುಗದ ದಿನವೂ ಅಲುಗಲಿಲ್ಲ ಎಂದೇ ಬರೆದಿಟ್ಟ ಆ ಸಾಲುಗಳು ಅವನ ಪ್ರಾಮಾಣಿಕತೆಯ ಗುರುತು. ಅವು ಇರುವುದರಿಂದಲೇ ಕುಮಾನಾದ ಆ ಒಂದು ಅಂಕಿಯನ್ನು ಎಷ್ಟು ನಂಬಬೇಕು, ಎಷ್ಟು ನಂಬಬಾರದು ಎಂದು ಇಂದು ನಾವು ಅಳೆಯಬಲ್ಲೆವು.